ದೋಣಿಯ ಮೂತಿಗೆ ಬಾವಿಯ ರಾಟೆ

ನನ್ನ ಗಂಡ ನನ್ನ ಮೇಲೆ ದೋಣಿಯ ಹುಟ್ಟು ಎತ್ತಿದ್ದು ಒಂದು ರಾಟೆಯ ಸಲುವಾಗಿ. ಬಾವಿ ತೋಡುವವರು ಮಣ್ಣಿನ ಬುಟ್ಟಿಯನ್ನು ಮೇಲಕ್ಕೆತ್ತಲು ಕಬ್ಬಿಣದ ಕೈರಾಟೆ ಇಟ್ಟುಕೊಂಡಿರುತ್ತಾರೆ. ಅಂಥದೊಂದನ್ನು ನಮ್ಮ ಮೀನಿನ ದೋಣಿಯ ಮೂತಿಗೆ ಕೂರಿಸಿ, ಲಂಗರಿನ ಕಲ್ಲನ್ನು ಅದರಿಂದ ಎತ್ತೋಣ ಅಂದೆ. ಅವನು ಆಗುವುದಿಲ್ಲ ಅಂದ. ಯಾಕೆ ಆಗುವುದಿಲ್ಲ ಎಂದು ಕೇಳಿದೆ. ಹುಟ್ಟು ಎತ್ತಿದ. ನಾನು ಅದರ ಇನ್ನೊಂದು ತುದಿ ಹಿಡಿದುಕೊಂಡೆ. ಬೆಳ್ಳಂಬೆಳಗ್ಗೆ ದಂಡೆಯ ಮೇಲೆ ಗಂಡ ಹೆಂಡತಿ ಒಂದೇ ಹುಟ್ಟಿಗೆ ಜಗ್ಗಾಡುವುದನ್ನು ಎಮ್ಮೆಗಳ ಮೈತೊಳೆಯಲು ಬಂದವರೆಲ್ಲ ನಿಂತು ನೋಡಿದರು. ಬಿಡಿಸಲು ಯಾರೂ ಬರಲಿಲ್ಲ. ನಮ್ಮ ನಡುವೆ ಬಂದವನಿಗೆ ಎರಡೂ ಕಡೆಯಿಂದ ಬೀಳುತ್ತದೆಂದು ಊರಿಗೆ ಗೊತ್ತಿತ್ತು.

ಎದುರಿಗೆ ಅವನಿಗೆ ನಾನು ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಕಾಗದದ ಮೇಲೆ ಮಾತ್ರ ಏಕವಚನ. ಅಷ್ಟು ಸಲಿಗೆಯಾದರೂ ನನಗಿರಲಿ.

ನನ್ನ ತವರು ಬಸವಕಲ್ಯಾಣದ ಹತ್ತಿರದ ನಾರಾಯಣಪುರ. ಪಿಯುಸಿ ಮುಗಿಸಿದ ವರ್ಷವೇ ನನ್ನನ್ನು ಹುಮನಾಬಾದ್ ಕಡೆ, ಡ್ಯಾಮಿನ ಹಿನ್ನೀರಿನ ದಂಡೆಯ ಊರಿಗೆ ಕೊಟ್ಟರು. ಆ ನೀರಿನ ಕೆಳಗೆ ಹಿಂದೆ ಎರೆಹೊಲಗಳಿದ್ದವು, ಒಂದು ಊರೂ ಇತ್ತು. ನೀರು ನಿಂತ ಮೇಲೆ ಹೊಲ ಕಳೆದುಕೊಂಡವರಲ್ಲಿ ಕೆಲವರು ಕೂಲಿಗೆ ಹೋದರು, ಕೆಲವರು ಕುರಿ ಸಾಕಿದರು, ನನ್ನ ಮಾವ ಬಲೆ ಹಿಡಿದರು. ಹೀಗಾಗಿ ನಮ್ಮದು ಒಕ್ಕಲುತನದಿಂದ ನೀರಿಗಿಳಿದ ಮನೆ. ದೋಣಿ ಮಾಡಿಕೊಟ್ಟವನು ಹುಮನಾಬಾದಿನಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿಯವನು. ಅವನಿಗೆ ಬರುತ್ತಿದ್ದದ್ದು ಟ್ರಾಲಿ, ಆದ್ದರಿಂದ ನಮ್ಮ ದೋಣಿಯೂ ಟ್ರಾಲಿಯ ಹಾಗೆಯೇ ಇತ್ತು. ತಗಡಿನ ಚಪ್ಪಟೆ ತಳ, ತಗ್ಗು ಬದಿ, ಟ್ರಾಲಿಗೆ ಬಳಿಯುವ ಅದೇ ಕೆಂಪು ಬಣ್ಣ. ಗಾಲಿ ಮಾತ್ರ ಇರಲಿಲ್ಲ.

ಚಪ್ಪಟೆ ತಳದ ದೋಣಿ ಗಾಳಿಗೆ ನಿಲ್ಲುವುದಿಲ್ಲ. ನಮ್ಮ ಕಡೆ ಬಯಲೇ ಬಯಲು, ಮರ ಕಡಿಮೆ. ಮಧ್ಯಾಹ್ನ ಏರಿದರೆ ಗಾಳಿ ನೀರಿಗೆ ಬಾರಿಸುತ್ತ ಬರುತ್ತದೆ. ಬಲೆಯಿಂದ ಮೀನು ಬಿಡಿಸುವಾಗ ದೋಣಿ ಒಂದು ಕಡೆ ನಿಲ್ಲಲೇಬೇಕು. ಅದಕ್ಕೆ ಕಲ್ಲು. ಹಗ್ಗ ಕಟ್ಟಿದ ಕರಿಕಲ್ಲು, ತುಂಬಿದ ಎರಡು ಕೊಡದಷ್ಟು ಭಾರ. ಬಿಡುವುದು ಸುಲಭ, ತಳ್ಳಿದರೆ ಹೋಗುತ್ತದೆ. ಎತ್ತುವಾಗ ಗೊತ್ತಾಗುತ್ತದೆ ಅದರ ಹಟ. ತಳದ ಎರೆಮಣ್ಣು ಕಲ್ಲನ್ನು ಅರ್ಧ ನುಂಗಿರುತ್ತದೆ. ಕಾಲು ಊರಿ, ಬೆನ್ನು ಹಿಂದಕ್ಕೆ ಹಾಕಿ, ಹಲ್ಲು ಕಚ್ಚಿ ಜಗ್ಗಬೇಕು. ಬಲೆ ಅವನದು, ಕಲ್ಲು ನನ್ನದು ಎಂದು ಮೊದಲಿನಿಂದ ಹಂಚಿಕೆಯಾಗಿತ್ತು. ದಿನಕ್ಕೆ ಎಷ್ಟು ಸಲ ಅದನ್ನು ಎತ್ತುತ್ತಿದ್ದೆನೋ, ಎಣಿಸಿದವಳಲ್ಲ.

ಆದರೂ ದೋಣಿಯೆಂದರೆ ನನಗೆ ಜೀವ. ಮನೆಯಲ್ಲಿದ್ದರೆ ಅತ್ತೆಯ ಕಣ್ಣು ಬೆನ್ನ ಮೇಲೆ, ಹೊಲಕ್ಕೆ ಹೋದರೆ ಮಂದಿಯ ಕಳೆ, ಮಂದಿಯ ಬೈಗುಳ. ನೀರಿನ ಮೇಲೆ ನನ್ನ ಕೆಲಸ ನನ್ನದಾಗಿತ್ತು. ದೊಡ್ಡ ಕಟ್ಲಾ ಮೀನು ಬಲೆಗೆ ಬಿದ್ದು ದೋಣಿಯ ತಳಕ್ಕೆ ಬಾಲ ಬಡಿಯತೊಡಗಿದರೆ ಅದರ ನೆತ್ತಿಗೆ ಕಟ್ಟಿಗೆಯಿಂದ ಹೊಡೆಯುತ್ತಿದ್ದವಳು ನಾನೇ. ಒಂದೇ ಏಟು, ಬರಾಬರ್ ಕಣ್ಣಿನ ಮೇಲ್ಗಡೆ. ಆ ಏಟು ಹೊಡೆಯುವುದು ನನಗೆ ಇಷ್ಟವಾಗುತ್ತಿತ್ತು. ಅತ್ತೆಗೆ ಕೊಡಬೇಕಾದ ಎಷ್ಟೋ ಉತ್ತರಗಳನ್ನು ನಾನು ಮೀನಿನ ತಲೆಗೆ ಕೊಟ್ಟಿದ್ದೇನೆ.

ಒಂದು ಬೇಸಿಗೆಯ ಕೊನೆಗೆ ಕಲ್ಲು ಜಗ್ಗುವಾಗ ನನ್ನ ಬಲಭುಜದ ಕೀಲು ತಪ್ಪಿತು. ಒದ್ದೆ ಬಟ್ಟೆ ಹರಿದಂಥ ಸದ್ದು ಕೇಳಿಸಿತು. ತೋಳು ನನ್ನದಲ್ಲದ ಹಾಗೆ ಜೋತುಬಿತ್ತು. ನಾನು ಕಿರುಚಿದ ಸದ್ದಿಗೆ ದಂಡೆಯ ಕೊಕ್ಕರೆಗಳು ಎದ್ದುಹೋದವೆಂದು ಅವನು ಇವತ್ತಿಗೂ ನಗಾಡುತ್ತಾನೆ. ಊರಲ್ಲಿ ಎಲುಬು ಕೂರಿಸುವವನು ನನ್ನ ಕಂಕುಳಿಗೆ ಹಿಮ್ಮಡಿ ಕೊಟ್ಟು ತೋಳು ಎಳೆದ. ಅವನ ತೊಡೆಗೆ ಒದ್ದುಬಿಟ್ಟೆ. ಅವನು ಬೈಯುತ್ತಲೇ ಕೂರಿಸಿದ. ಆಮೇಲೆ ಹುಮನಾಬಾದಿನಲ್ಲಿ ತೋರಿಸಿದಾಗ ಡಾಕ್ಟರು, ಇನ್ನು ಮೇಲೆ ಭಾರ ಜಗ್ಗಿದರೆ ಮತ್ತೆ ತಪ್ಪುತ್ತದೆ, ಆಪರೇಷನ್ನೇ ಗತಿ ಅಂದರು.

ಅತ್ತೆಗೆ ಇಷ್ಟು ಸಾಕಾಯಿತು. ಆಕೆಯ ಕಿರಿಮಗ, ಅಂದರೆ ನನ್ನ ಮೈದುನ, ಮನೆಯಲ್ಲಿ ಖಾಲಿ ಕೂತಿದ್ದ. ಟಂಟಂ ಆಟೋ ಓಡಿಸುತ್ತಿದ್ದವನು ಅದನ್ನು ನಿರ್ಣಾದ ದಾರಿಯಲ್ಲಿ ತಗ್ಗಿಗೆ ಕೆಡವಿ, ಮೇಲೆ ಕೂತವರ ಕೈಯಲ್ಲಿ ಒದೆ ತಿಂದು ಬಂದಿದ್ದ. ದೋಣಿಗೆ ಅವನೇ ಹೋಗಲಿ, ಸೊಸೆ ಮನೆಯಲ್ಲಿರಲಿ ಎಂದು ಅತ್ತೆ ತೀರ್ಪು ಕೊಟ್ಟಳು. ಗಂಡ ಬೇಡ ಅನ್ನಲಿಲ್ಲ. ಅದು ನನ್ನ ಮೈಗೆ ಬೆಂಕಿ ಹಚ್ಚಿತು. ಒಂದು ಸಲ ಮೈದುನ ದೋಣಿಯಲ್ಲಿ ಕೂತನೆಂದರೆ ನಾನು ಮತ್ತೆ ನೀರು ಕಾಣುವುದು ಬಟ್ಟೆ ಒಗೆಯಲು ಬಂದಾಗಲೇ ಎಂದು ನನಗೆ ಗೊತ್ತಿತ್ತು. ಭುಜಕ್ಕೆ ಭಾರ ಬೀಳದೆ ಕಲ್ಲು ಮೇಲೆ ಬರುವ ದಾರಿಯೊಂದು ಬೇಕಾಗಿತ್ತು. ಆಗ ನೆನಪಾದದ್ದು ನಮ್ಮಪ್ಪನ ರಾಟೆ.

ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಬಾವಿ ತೋಡುವವರು. ರಾಟೆಯೆಂದರೆ ಒಂದು ಉರುಳೆ, ಹಲ್ಲುಚಕ್ರ, ತಿರುವಲು ಉದ್ದನೆಯ ಹಿಡಿಕೆ. ಚಕ್ರದ ಹಲ್ಲಿಗೆ ಸಿಕ್ಕಿಕೊಂಡು ಅದು ಹಿಂದಕ್ಕೆ ತಿರುಗದಂತೆ ತಡೆಯಲು ಒಂದು ಕಬ್ಬಿಣದ ತುಂಡು ಇರುತ್ತದೆ, ಅದಕ್ಕೆ ನಾಲಿಗೆ ಅನ್ನುತ್ತಿದ್ದರು. ಒಬ್ಬ ಹೆಂಗಸು ಒಂಟಿ ಕೈಯಲ್ಲಿ ತಿರುವಿದರೂ ಕಲ್ಲಿನ ಬುಟ್ಟಿ ಸರಾಗ ಮೇಲೆ ಬರುತ್ತದೆ. ನನ್ನ ಭುಜಕ್ಕೆ ಇದಕ್ಕಿಂತ ಒಳ್ಳೆಯ ಔಷಧ ಯಾವುದಿದೆ? ಆದರೆ ಆ ರಾಟೆಗೆ ನಮ್ಮ ಮನೆಯ ರಕ್ತ ಹತ್ತಿತ್ತು, ಅದನ್ನೂ ಹೇಳಬೇಕು.

ನಾನು ಚಿಕ್ಕವಳಿದ್ದಾಗ ನಾರಾಯಣಪುರದ ಹಳೆಯ ಶಿವನ ಗುಡಿಯ ಆಚೆಗಿನ ಹೊಲದಲ್ಲಿ ಬಾವಿ ನಡೆದಿತ್ತು. ಚಿಕ್ಕಪ್ಪ ತಳದಲ್ಲಿದ್ದ. ನಾನು ರೊಟ್ಟಿಯ ಗಂಟು ಹೊತ್ತು ಹೋಗಿ ಮೇಲೆ ಕೂತಿದ್ದೆ. ಕಲ್ಲು ತುಂಬಿದ ಬುಟ್ಟಿ ಅರ್ಧದಲ್ಲಿ ಬಂಡೆಯ ಮೂಲೆಗೆ ಸಿಕ್ಕಿಕೊಂಡಿತು. ಹಿಡಿಕೆ ಹಿಡಿದಿದ್ದ ಆಳು ಅದನ್ನು ಅಲುಗಾಡಿಸಿ ಬಿಡಿಸಲೆಂದು ನಾಲಿಗೆ ಎತ್ತಿ, ಹಗ್ಗ ಜರಾ ಸಡಿಲು ಬಿಟ್ಟ. ಬುಟ್ಟಿ ಬಿಡಿಸಿಕೊಂಡಿತು. ಹಿಡಿಕೆ ಅವನ ಕೈಯಿಂದ ಕಿತ್ತುಕೊಂಡು ಗಿರ್ರನೆ ತಿರುಗಿತು. ಕೆಳಗಿಂದ ಒಂದು ಕೂಗೂ ಬರಲಿಲ್ಲ. ಆಮೇಲೆ ಅದೇ ರಾಟೆಯಿಂದ ಚಿಕ್ಕಪ್ಪನನ್ನು ಮೇಲೆತ್ತಿದರು. ತಲೆಗೆ ಸುತ್ತಿದ್ದ ರುಮಾಲು ಇರದಿದ್ದರೆ ಅದು ತಲೆಯೆಂದು ಗೊತ್ತಾಗುತ್ತಿರಲಿಲ್ಲ.

ಆ ಆಳನ್ನು ಬೇವಿನ ಮರಕ್ಕೆ ಕಟ್ಟಿ ಹೊಡೆದರು. ಅಪ್ಪ ಹೊಡೆದ, ಅವ್ವ ಚಪ್ಪಲಿಯಿಂದ ಹೊಡೆದಳು. ನಮ್ಮಜ್ಜಿ ಹೋಗಿ ಅವನ ಬಲಗೈ ಹಿಡಿದು, ಬಿಟ್ಟ ಕೈ ಇದೇ ಎಂದು ಬೆರಳನ್ನು ಕಚ್ಚಿದಳು. ಬಿಡಿಸಲು ಇಬ್ಬರು ಬೇಕಾದರು. ಅವನೇನು ಕೆಟ್ಟವನಲ್ಲ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಹಿಡಿಕೆಯ ಬಿಗಿ ಬಿಡುವುದೆಂದರೆ ಕೊಲೆ ಮಾಡಿದ ಹಾಗೆ. ಬೈಯುವಾಗಲೂ ‘ಕೈಬಿಟ್ಟವನು’ ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ನಮಗೆ ಇರಲಿಲ್ಲ.

ಅಪ್ಪ ಹೋದ ಮೇಲೆ ರಾಟೆ ನಮ್ಮಣ್ಣನ ಹತ್ತಿರ ಇತ್ತು. ಈಗ ಬಾವಿಗಿಂತ ಬೋರ್‌ವೆಲ್ ಹೆಚ್ಚಾದ್ದರಿಂದ ಅದು ಹಿತ್ತಲಲ್ಲಿ ತುಕ್ಕು ತಿನ್ನುತ್ತ ಬಿದ್ದಿತ್ತು. ಕೊಡಲು ಅವನಿಗೆ ತಕರಾರು ಇರಲಿಲ್ಲ. ತಕರಾರು ಇದ್ದದ್ದು ನನ್ನ ಗಂಡನದು. ಮೂತಿಗೆ ಭಾರ ಬೀಳುತ್ತದೆ ಅಂದ, ಮಂದಿ ನಗುತ್ತಾರೆ ಅಂದ. ಹುಟ್ಟಿನ ಜಗಳ ನಡೆದದ್ದು ಆಗಲೇ.

“ಬಾವಿ ಸಾಮಾನು ಬಾವಿಗೇ ಇರ್ಲಿ. ನೀರಾಗ ಅದು ನಡ್ಯಾಂಗಿಲ್ಲ” ಅಂದ.

“ಯಾಕ ನಡ್ಯಾಂಗಿಲ್ಲ, ಅದನ್ನರೆ ಹೇಳ್ರಿ” ಅಂದೆ.

ಅವನಿಗೆ ಹೇಳಲು ಬರಲಿಲ್ಲ. ಹುಡುಗನಾಗಿದ್ದಾಗಿನಿಂದ ನೀರಿನ ಮೇಲೆ ಕೂತವನಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು, ಆದರೆ ಅದೇನೆಂದು ಅವನಿಗೂ ಗೊತ್ತಿರಲಿಲ್ಲ. ಹೇಳಲು ಬಾರದ್ದಕ್ಕೆ ಸಿಟ್ಟು ಬಂತು. ನನಗೋ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಕೊನೆಗೆ ಹುಟ್ಟನ್ನು ಅವನೇ ಬಿಟ್ಟ. ನಾನು ಹಿಂದಕ್ಕೆ ಬಿದ್ದು ಕೆಸರಲ್ಲಿ ಕೂತೆ. ಎಮ್ಮೆಯವರು ನಕ್ಕರು.

ಅದರ ಮರುದಿನ ಮೈದುನ ಬಲೆ ಹೆಗಲಿಗೆ ಹಾಕಿಕೊಂಡು ದಂಡೆಗೆ ಹೊರಟ. ಅತ್ತೆ ಅವನಿಗೆ ರೊಟ್ಟಿ ಕಟ್ಟಿಕೊಟ್ಟಿದ್ದಳು, ನಾನು ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ. ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಅವನಿಗಿಂತ ಮುಂದೆ ಓಡಿದೆ. ದೋಣಿ ದಂಡೆಯ ಮೇಲೆ ಅರ್ಧ ಎಳೆದಿಟ್ಟಿತ್ತು. ಒಳಗೆ ಹತ್ತಿ, ಎಡಗೈಯಲ್ಲೇ ಹಾರೆ ಎತ್ತಿ ತಳಕ್ಕೆ ಹೊಡೆದೆ. ಮೊದಲನೆಯ ಏಟಿಗೆ ತಗಡು ತಗ್ಗಾಯಿತು, ಎರಡನೆಯದಕ್ಕೆ ತೂತು ಬಿತ್ತು. ಕೆಂಪು ಬಣ್ಣ ಸಿಡಿದು ನನ್ನ ಮುಖಕ್ಕೆ ಹತ್ತಿತು. ನಾನಿಲ್ಲದ ದೋಣಿ ಯಾರಿಗೂ ಬೇಡ ಎಂದು ಕೂಗಿದೆ. ಗಂಡ ಓಡಿಬಂದವನು ಹಾರೆ ಕಸಿದುಕೊಂಡು ಕಪಾಳಕ್ಕೆ ಬಾರಿಸಿದ. ನಾನು ಅವನ ಅಂಗಿ ಹರಿದೆ. ಮೈದುನ ರೊಟ್ಟಿಯ ಗಂಟು ಅಲ್ಲೇ ಬಿಟ್ಟು ಮನೆಗೆ ಹೋದ.

ತೂತು ಬಿದ್ದ ದೋಣಿಗೆ ವೆಲ್ಡಿಂಗ್ ಆಗಲೇಬೇಕು. ಗಂಡ ಅದನ್ನು ಟ್ರಾಲಿಯ ಮೇಲೆ ಹಾಕಿ ಹುಮನಾಬಾದಿಗೆ ಹೊರಟಾಗ ನಾನು ಮುಂಚೆಯೇ ಹತ್ತಿ ಕೂತಿದ್ದೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಅಂಗಡಿಯವನು ತೂತು ನೋಡಿ, ಕಲ್ಲು ಬಡಿಯಿತೇ ಎಂದು ಕೇಳಿದ. ಗಂಡ ನನ್ನ ಕಡೆ ನೋಡಿದ, ಬಣ್ಣ ಇನ್ನೂ ಹೋಗಿರದ ನನ್ನ ಕೆನ್ನೆ ನೋಡಿದ. ಏನನ್ನಿಸಿತೋ, ನಿಮ್ಮಣ್ಣಗ ಫೋನ್ ಹಚ್ಚು, ರಾಟಿ ತರಲಿ ಅಂದ. ಇಷ್ಟೇ. ದಿನಗಟ್ಟಲೆ ಬಾಯಿಂದ ತೀರದ ವಿಷಯ ಹಾರೆಯ ಎರಡು ಏಟಿಗೆ ತೀರಿತು.

ಅಣ್ಣ ಬಸವಕಲ್ಯಾಣದಿಂದ ಬಸ್ಸಿನ ಮೇಲೆ ರಾಟೆ ಹಾಕಿಕೊಂಡು ಬಂದ. ಮೂತಿಗೆ ದಪ್ಪ ಪಟ್ಟಿ ಬೆಸೆದು, ಅದರ ಮೇಲೆ ನಟ್ಟು ಬೋಲ್ಟು ಹಾಕಿ ಬಿಗಿದರು. ಅಂಗಡಿಯ ಮುಂದೆಯೇ ಅಣ್ಣ ನನ್ನಿಂದ ತಿರುವಿಸಿ ನೋಡಿದ. ಅವನಿಗಿದ್ದ ಭಯ ಒಂದೇ, ಹಿಡಿಕೆ. ಅದರ ಎದುರಿಗೆ ಮುಖ ಒಡ್ಡಬೇಡ ಎಂದು ನನಗೂ ನನ್ನ ಗಂಡನಿಗೂ ಮತ್ತೆ ಮತ್ತೆ ಹೇಳಿದ. ಆಮೇಲೆ ನನ್ನೊಬ್ಬಳನ್ನು ಕರೆದು ನಮ್ಮ ಮನೆಯ ಮಾತು ಹೇಳಿದ.

“ಏನಽ ಆಗ್ಲಿ, ಬಿಗಿ ಬಿಡಬ್ಯಾಡ. ಸಿಕ್ಕೊಂಡ್ರ ಇನ್ನೊಂದು ಸುತ್ತು ತಿರುವು, ನಾಲಿಗಿ ಹಾಕು, ನಿಂದ್ರು. ಕೈ ಬಿಟ್ಟಿ ಅಂದ್ರ ಮನುಷ್ಯಾ ಹೋದಂಗ.”

ನಾನು ತಲೆಯಾಡಿಸಿದೆ. ಹೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ, ಅದು ನನ್ನ ಕೈಯ ಎಲುಬಿನೊಳಗೇ ಇತ್ತು. ನಮ್ಮಿಬ್ಬರಿಗೂ ಹೊಳೆಯದ ಒಂದು ಮಾತಿತ್ತು. ಬಾವಿಯ ಮೇಲೆ ರಾಟೆ ನೆಲದಲ್ಲಿ ಹೂತಿರುತ್ತದೆ. ನೆಲ ಎಲ್ಲಿಗೂ ಹೋಗುವುದಿಲ್ಲ. ಬಾವಿ ತೋಡುವವರ ಮಕ್ಕಳು ನೆಲದ ಬಗ್ಗೆ ಯಾವತ್ತೂ ಯೋಚಿಸಿರುವುದಿಲ್ಲ.

ಮೊದಲ ದಿನಗಳು ಹಬ್ಬ. ಎಡಗೈಯಲ್ಲಿ ತಿರುವಿದರೂ ಕಲ್ಲು ಮಣ್ಣು ಬಿಟ್ಟು ಮೇಲೆ ಬರುತ್ತಿತ್ತು. ನಾಲಿಗೆ ಟಕ್ ಟಕ್ ಎನ್ನುವ ಸದ್ದಿಗೆ ಬೇರೆ ದೋಣಿಯವರು ತಿರುಗಿ ನೋಡುತ್ತಿದ್ದರು. ಬಾವಿ ತೋಡಲು ಬಂದಳು ಎಂದು ಕೂಗುತ್ತಿದ್ದರು. ಅವರ ಅವ್ವಂದಿರ ಹೆಸರು ಹಿಡಿದು ನಾನೂ ಕೂಗುತ್ತಿದ್ದೆ. ಭುಜದ ನೋವು ಇಳಿಯಿತು. ಗಂಡ ಮಾತ್ರ ಮೂತಿ ತಗ್ಗಾಗಿದೆ ಎಂದು ಗೊಣಗುತ್ತಲೇ ಇದ್ದ. ಆ ಗೊಣಗಾಟ ಕೇಳಿಯೇ ನನಗೆ ಊಟ ರುಚಿಸುತ್ತಿತ್ತು. ಅತ್ತೆಯ ಎದುರಿಗೆ ಬೇಕೆಂದೇ ಬಲಗೈ ಎತ್ತಿ ತಲೆ ಬಾಚಿಕೊಳ್ಳುತ್ತಿದ್ದೆ.

ಶ್ರಾವಣದ ಒಂದು ಮಧ್ಯಾಹ್ನ ಮುಳುಗಿದ ಊರಿನ ಮೇಲೆ ಬಲೆ ಬಿಟ್ಟಿದ್ದೆವು. ಬೇಮಳಖೇಡದ ಕಡೆಯಿಂದ ಕಪ್ಪು ಮೋಡ ಎದ್ದು ಗಾಳಿ ಶುರುವಾಯಿತು. ಬೇಗ ಹೊರಡೋಣ, ಕಲ್ಲು ಎತ್ತು ಎಂದು ಅವನು ಹಿಂದಿನಿಂದ ಹೇಳಿದ. ಅವನು ಬಾಲದ ಕಡೆ ಕೂತು, ನನಗೆ ಬೆನ್ನು ಹಾಕಿ, ಬಲೆ ಎಳೆದುಕೊಳ್ಳುತ್ತಿದ್ದ. ನಾನು ತಿರುವತೊಡಗಿದೆ. ಒಂದಷ್ಟು ಹಗ್ಗ ಬಂತು, ಆಮೇಲೆ ನಿಂತಿತು. ಕೆಳಗೆ ಯಾರದೋ ಮನೆಯ ಗೋಡೆಗೆ ಕಲ್ಲು ಸಿಕ್ಕಿಕೊಂಡಿತ್ತು. ಸಿಕ್ಕಿಕೊಂಡರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಎರಡೂ ಕೈ ಹಾಕಿ ಇನ್ನೊಂದು ಸುತ್ತು ತಿರುವಿದೆ. ನಾಲಿಗೆ ಟಕ್ ಎಂದಿತು. ಹಗ್ಗ ಉರುಳೆಗೆ ಸುತ್ತಿಕೊಳ್ಳುತ್ತಿತ್ತು. ಕಲ್ಲು ಬರುತ್ತಿದೆ ಅಂದುಕೊಂಡೆ. ಮತ್ತೆ ತಿರುವಿದೆ, ಮತ್ತೆ ಟಕ್.

ಕಲ್ಲು ಬರುತ್ತಿರಲಿಲ್ಲ. ನಾವು ಹೋಗುತ್ತಿದ್ದೆವು. ನಾನು ಸುತ್ತಿದ ಒಂದೊಂದು ಸುತ್ತಿಗೂ ದೋಣಿಯ ಮೂತಿ ನೀರಿಗೆ ಇಳಿಯುತ್ತಿತ್ತು. ತಲೆ ಬಗ್ಗಿಸಿ ಹಿಡಿಕೆಯ ಮೇಲೆ ಭಾರ ಹಾಕಿದ್ದ ನನಗೆ ಅದು ಕಾಣಲಿಲ್ಲ. ಮೊದಲು ಗೊತ್ತಾದದ್ದು ಅವನಿಗೆ, ಕೂತ ಜಾಗ ಮೇಲಕ್ಕೆದ್ದಿತಲ್ಲ. ಅಷ್ಟರಲ್ಲಿ ಒಂದು ಅಲೆ ಮೂತಿಯ ಮೇಲಿಂದ ಒಳಗೆ ಬಂದು ನನ್ನ ಹೊಟ್ಟೆಗೆ ಹೊಡೆಯಿತು. ಅವನು ಹುಟ್ಟು ಹಿಡಿದುಕೊಂಡೇ ಮುಂದಕ್ಕೆ ಓಡಿಬಂದ. ಅವನ ಭಾರವೂ ಮುಂದಕ್ಕೆ ಬಿದ್ದು ದೋಣಿ ಇನ್ನಷ್ಟು ಬಾಗಿತು.

“ಬಿಡು, ಮುಳಗಾಕತ್ತೀವಿ” ಅಂದ.

“ಬಿಡಾಂಗಿಲ್ಲರಿ. ಕಲ್ಲು ಬರಾಕತ್ತೈತಿ” ಅಂದೆ.

ಅವನು ನನ್ನ ಜಡೆ ಹಿಡಿದು ಎಳೆದ. ನಾನು ಹಿಡಿಕೆ ತಬ್ಬಿಕೊಂಡೆ. ಬೆನ್ನಿಗೆ ಮೊಣಕಾಲಿನಿಂದ ಗುದ್ದಿದ. ಬಿಡಲಿಲ್ಲ. ನೀರು ಮೊಣಕಾಲಿನತನಕ ಬಂದಿತ್ತು, ಸತ್ತ ಮೀನುಗಳು ಕಾಲಿಗೆ ತಾಗುತ್ತಿದ್ದವು, ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ನನ್ನ ತಲೆಯಲ್ಲಿದ್ದದ್ದು ಒಂದೇ, ಕೆಳಗೆ ಮನುಷ್ಯ ಇದ್ದಾನೆ. ಬಿಟ್ಟರೆ ಅವನ ತಲೆ ಹೋಗುತ್ತದೆ. ಆ ನೀರಿನ ತಳದಲ್ಲಿ ಯಾರಿದ್ದರು? ಯಾರೂ ಇರಲಿಲ್ಲ. ಆದರೆ ನನ್ನ ಕೈಗೆ ಅದನ್ನು ತಿಳಿಸಿ ಹೇಳುವವರು ಇರಲಿಲ್ಲ.

ಅವನು ಹುಟ್ಟು ಎತ್ತಿದ. ನನಗೇ ಬೀಳುತ್ತದೆ ಅಂದುಕೊಂಡು ಕಣ್ಣು ಮುಚ್ಚಿದೆ. ಅವನು ಹೊಡೆದದ್ದು ರಾಟೆಯ ನಾಲಿಗೆಗೆ. ನಾಲಿಗೆ ಚಕ್ರದ ಹಲ್ಲಿನಿಂದ ಕಳಚಿತು. ದೋಣಿಯನ್ನು ಕೆಳಗೆಳೆದು ಹಿಡಿದಿದ್ದ ಅಷ್ಟೂ ಬಲ ನನ್ನ ಕೈಯೊಳಗಿಂದ ಹಿಡಿಕೆ ಕಿತ್ತುಕೊಂಡಿತು. ಹೊಡೆದ ರಭಸಕ್ಕೆ ಅವನು ಬಗ್ಗಿದ್ದ. ತಿರುಗಿ ಬಂದ ಕಬ್ಬಿಣ ಅವನ ದವಡೆಗೆ ಸಿಕ್ಕಿತು. ಕಟ್ಲಾದ ನೆತ್ತಿಗೆ ಬೀಳುವ ಏಟಿನ ಸದ್ದೇ, ಬೇರೆ ಏನೂ ಅಲ್ಲ. ದೋಣಿಯ ಮೂತಿ ನೀರಿನಿಂದ ಚಿಮ್ಮಿ ಮೇಲೆದ್ದಿತು, ಇಬ್ಬರೂ ಹಿಂದಕ್ಕೆ ಹೋಗಿ ಬಿದ್ದೆವು.

ಎದ್ದು ನೋಡಿದರೆ ಅವನು ನೀರು ತುಂಬಿದ ದೋಣಿಯ ತಳದಲ್ಲಿ ಮೀನುಗಳ ನಡುವೆ ಬಿದ್ದಿದ್ದ. ಬಾಯಿ ಒಂದು ಕಡೆಗೆ ಸರಿದಿತ್ತು. ನೀರು ಕೆಂಪಾಗುತ್ತಿತ್ತು. ಸತ್ತ ಅಂದುಕೊಂಡೆ. ಕೆಮ್ಮಿದ, ಎರಡು ಹಲ್ಲು ಹೊರಗೆ ಬಿದ್ದವು. ಅಷ್ಟಾದ ಮೇಲೆ ನನ್ನ ಕೈಗೆ ಬುದ್ಧಿ ಬಂತು. ಅವನ ತಲೆಯನ್ನು ಬಲೆಯ ರಾಶಿಯ ಮೇಲಿಟ್ಟೆ. ಮೀನಿನ ಕ್ರೇಟಿನಿಂದ ನೀರು ತೋಡಿ ಚೆಲ್ಲೋಣವೆಂದರೆ ಅದಕ್ಕೆ ತೂತುಗಳು. ಬುತ್ತಿಯ ಡಬ್ಬಿಯಿಂದಲೇ ಚೆಲ್ಲಿದೆ. ಬಲೆಯ ಕೆಳಗಿದ್ದ ಚಾಕು ಹುಡುಕಿ ಕಲ್ಲಿನ ಹಗ್ಗ ಕೊಯ್ದೆ. ಹುಟ್ಟು ಹಾಕುತ್ತ ಅವನನ್ನೂ ಬೈದೆ, ನನ್ನನ್ನೂ ಬೈದುಕೊಂಡೆ, ಆ ಮೋಡವನ್ನೂ ಬೈದೆ. ಬೈಗುಳ ನಿಲ್ಲಿಸಿದರೆ ಅಳು ಬರುತ್ತದೆಂದು ಗೊತ್ತಿತ್ತು.

ದಂಡೆಯಲ್ಲಿ ಅತ್ತೆ ನನ್ನ ಕೆನ್ನೆಗೆ ಹೊಡೆದಳು. ಮಗನ ಬಾಯಿ ಒಡೆದವಳು ನಾನೇ ಎಂಬುದರಲ್ಲಿ ಆಕೆಗೆ ಸಂಶಯ ಇರಲಿಲ್ಲ, ಊರಿಗೂ ಇರಲಿಲ್ಲ. ಹುಟ್ಟಿಗೆ ಜಗ್ಗಾಡಿದವಳು, ಹಾರೆಯಿಂದ ದೋಣಿ ಒಡೆದವಳು, ದವಡೆ ಬಿಡುತ್ತಾಳೆಯೇ? ಹುಮನಾಬಾದಿನ ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಅವನ ಬಾಯಿ ಕಟ್ಟಿದರು. ಹೇಳಬೇಕಾದವನ ಬಾಯಿಯೇ ಕಟ್ಟಿದ ಮೇಲೆ ನನ್ನ ಪರವಾಗಿ ಹೇಳುವವರು ಯಾರು? ನಾನು ಹೇಳಿದರೆ ಯಾರೂ ನಂಬಲಿಲ್ಲ. ಹೆಂಡತಿಯ ಮೇಲೆ ಸೇಡು ತೀರಿಸಿಕೊಳ್ಳಲು ಇದು ಅವನಿಗೆ ಒಳ್ಳೆಯ ಸಮಯವಾಗಿತ್ತು. ಯಾರಾದರೂ ಕೇಳಿದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅದರ ಅರ್ಥ ನನಗೂ ತಿಳಿಯಲಿಲ್ಲ. ಹಗಲೂ ರಾತ್ರಿ ಹತ್ತಿರ ಕೂತು, ಅಂಬಲಿ ಸೋಸಿ ನಳಿಗೆಯಿಂದ ಕುಡಿಸುತ್ತಿದ್ದೆ. ಕುಡಿಯುವಾಗ ಅವನು ನನ್ನ ಕಡೆ ನೋಡುತ್ತಿರಲಿಲ್ಲ. ನನಗೆ ಅವನು ಬೈದಿದ್ದರೂ ಸಾಕಾಗಿತ್ತು.

ಮನೆಗೆ ಬಂದ ಕೆಲವು ದಿನಗಳಿಗೆ ಅತ್ತೆ ಮಾತು ತೆಗೆದಳು. ಆ ಹಾಳು ರಾಟೆ ಕಿತ್ತು ಗುಜರಿಗೆ ಹಾಕಬೇಕು, ದೋಣಿಗೆ ಕಿರಿಯವನೇ ಹೋಗಬೇಕು, ಇವಳು ಇನ್ನು ನೀರಿನ ಮುಖ ನೋಡಬಾರದು. ಈ ಸಲ ನಾನು ಹಾರೆ ಹುಡುಕಲಿಲ್ಲ. ಯಾವ ಮುಖ ಹೊತ್ತು ಹುಡುಕಲಿ? ನಮ್ಮನೆಯ ರಾಟೆ, ನಮ್ಮಣ್ಣನ ಮಾತು, ನನ್ನ ಕೈ. ಗೋಡೆಗೆ ಒರಗಿ ಕೂತೆ. ಗಂಡ ಅಂಬಲಿಯ ಲೋಟ ಕೆಳಗಿಟ್ಟು ಎದ್ದ. ಒಳಗೆ ಹೋಗಿ ಪಾನಾ ತಂದ, ನಟ್ಟು ಬಿಚ್ಚುವ ದೊಡ್ಡ ಪಾನಾ. ಕಬ್ಬು ಕಡಿಯುವ ಕೊಯ್ತಾ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ದಂಡೆಯ ಕಡೆ ನಡೆದ. ಮೈದುನ ಖುಷಿಯಿಂದ ಅವನ ಮುಂದೆ ಓಡಿದ, ಅತ್ತೆ ಹಿಂದೆ ಹೋದಳು. ನನ್ನ ಹೆಣ ಹೊತ್ತವರ ಹಿಂದೆ ನಾನೇ ಹೊರಟ ಹಾಗೆ ಎಲ್ಲರಿಗಿಂತ ಹಿಂದೆ ನಾನು ಹೋದೆ.

ಮೈದುನ ಆಗಲೇ ದೋಣಿಯ ಮೂತಿಯಲ್ಲಿ ಕೂತು, ಪಾನಾ ಕೊಡು ಎಂದು ಕೈ ಚಾಚಿದ. ಗಂಡ ದೋಣಿ ಹತ್ತಿ ಅವನ ಎದೆಗೆ ಕಾಲಿಟ್ಟು ಒದ್ದ. ಮೈದುನ ಬೆನ್ನು ಅಡಿಯಾಗಿ ನೀರಿಗೆ ಬಿದ್ದ. ಎದ್ದು ಬೈಯುತ್ತ ದೋಣಿಯ ಬದಿ ಹಿಡಿದವನ ಬೆರಳಿಗೆ ಪಾನಾದ ಹಿಂಭಾಗದಿಂದ ಒಂದು ಬಿತ್ತು. ಆಮೇಲೆ ಅವನು ಹತ್ತಿರ ಬರಲಿಲ್ಲ. ಅತ್ತೆ ದಂಡೆಯಲ್ಲಿ ಕೂತು ಎದೆ ಬಡಿದುಕೊಂಡಳು. ಗಂಡ ಯಾರ ಕಡೆಯೂ ನೋಡದೆ ಬಗ್ಗಿ, ರಾಟೆಯ ನಟ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಿದ. ಸೊಂಟದ ಕೊಯ್ತಾ ತೆಗೆದು, ರಾಟೆಯ ಕಾಲಿಗೆ, ನನ್ನ ಬಲಗೈಗೆ ಸಿಗುವಂತೆ, ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿದ. ಎಳೆದು ನೋಡಿದ, ಸಲೀಸಾಗಿ ಕೈಗೆ ಬಂತು. ಮತ್ತೆ ಸಿಕ್ಕಿಸಿದ. ಹೋಗಿ ಬಾಲದಲ್ಲಿ ಕೂತು ಹುಟ್ಟು ಹಿಡಿದ. ನಾನು ಹತ್ತಲಿ ಎಂದು ಕಾದ.

ನನ್ನ ಹೊಡೆತ ತಿಂದ ಗಂಡಸು, ಹೊಡೆದೂ ಗೊತ್ತಿದ್ದ ಗಂಡಸು, ಹರಿತವಾದ ಕೊಯ್ತಾವನ್ನು ನನ್ನ ಕೈಗೆ ಎಟಕುವಂತೆ ಕಟ್ಟಿ ಕೂತಿದ್ದ. ಬಾವಿ ತೋಡುವವರ ಮನೆಯಲ್ಲಿ ಹಗ್ಗದ ಹತ್ತಿರ ಕೊಯ್ತಾ ಇಟ್ಟಿದ್ದರೆ ಕೈ ಮುರಿಯುತ್ತಿದ್ದರು. ನಾನು ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿದೆ. ಅತ್ತೆ ಹಿಂದಿನಿಂದ ನನಗೆ ಏನೇನು ಶಾಪ ಹಾಕಿದಳೋ, ಗಾಳಿಗೆ ಪೂರ್ತಿ ಕೇಳಿಸಲಿಲ್ಲ.

ಹೊಸ ಕಲ್ಲು ಕೆಲವು ದಿನ ತಂಟೆ ಮಾಡಲಿಲ್ಲ. ಆಮೇಲೆ ಒಂದು ದಿನ, ಗಾಳಿಯೂ ಇಲ್ಲದ ಹೊತ್ತಿನಲ್ಲಿ, ಸಿಕ್ಕಿಕೊಂಡಿತು. ಹಗ್ಗ ಬಿಗಿಯಾಗಿ ನಿಂತಿತು. ಒಂದು ಸುತ್ತು ತಿರುವಿ ಮೂತಿಯ ಕಡೆ ನೋಡಿದೆ. ನೀರು ತಗಡಿನ ಅಂಚಿಗೆ ಏರುತ್ತಿತ್ತು. ಕಣ್ಣಿಗೆ ಕಾಣುತ್ತಿತ್ತು, ಬುದ್ಧಿಗೆ ಗೊತ್ತಿತ್ತು, ಆದರೂ ಕೊಯ್ತಾ ಹಿಡಿದ ಕೈ ಹಗ್ಗದ ಮೇಲೆಯೇ ನಿಂತಿತು. ರುಮಾಲು ಸುತ್ತಿದ ತಲೆ ಕಣ್ಣ ಮುಂದೆ ಬಂತು. ಅಜ್ಜಿಯ ಹಲ್ಲು ಬಂತು. ಕೈಬಿಟ್ಟವಳು ಎಂದು ಇಡೀ ಮನೆ ಕೂಗಿದ ಹಾಗಾಯಿತು. ಹಿಂದೆ ತಿರುಗಿ ನೋಡಿದೆ. ಅವನು ಏಳಲಿಲ್ಲ, ಹುಟ್ಟು ಎತ್ತಲಿಲ್ಲ. ಕೂತಲ್ಲೇ ಕೂತು ನನ್ನನ್ನು ನೋಡುತ್ತಿದ್ದ. ನಾನು ಕಡಿಯುವತನಕ ಅವನು ಹಾಗೆಯೇ ಕೂತಿರುತ್ತಾನೆ, ಮುಳುಗಿದರೂ ಕೂತಿರುತ್ತಾನೆ ಅನ್ನಿಸಿತು.

ಕಡಿದೆ. ಒಂದೇ ಏಟಿಗೆ. ಹಗ್ಗದ ತುದಿ ಚಾಟಿಯಂತೆ ಹಾರಿ ನೀರೊಳಗೆ ಹೋಯಿತು. ಕೆಳಗಿಂದ ಯಾವ ಸದ್ದೂ ಬರಲಿಲ್ಲ, ಬರಲು ಅಲ್ಲಿ ಯಾರೂ ಇರಲಿಲ್ಲ. ನಾನು ರಾಟೆಗೆ ಹಣೆ ಹಚ್ಚಿ ಗೋಳೋ ಎಂದು ಅತ್ತುಬಿಟ್ಟೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವನ ಎದುರಿಗೆ ಅತ್ತದ್ದು ಅದೇ ಮೊದಲು.

ಅವನು ಸಮಾಧಾನ ಮಾಡಲು ಬರಲಿಲ್ಲ. ದೋಣಿಯನ್ನು ದಂಡೆಯ ಕಡೆ ತಿರುಗಿಸಿದ. ದವಡೆಗೆ ಏಟು ಬಿದ್ದ ಮೇಲೆ ಅವನು ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ. ತಂತಿ ಬಿಗಿದ ಹಲ್ಲುಗಳ ಸಂದಿಯಿಂದ, ಉಗುಳು ಸುರಿಸುತ್ತ, ಈಗ ಆಡಿದ.

“ನಡಿ. ಇನ್ನೊಂದು ಕಲ್ಲು ತರೂಣು.”